ಓದಲಿಕ್ಕೂ ಚಿತ್ರ ಬಿಡಿಸಲಿಕ್ಕೂ ಟ್ಯಾಬ್ಲೆಟ್ ತಗೊಳ್ಳೋರಿಗೆ

ಮೊದಲು ಪೆನ್ ನೋಡಿ, ಆಮೇಲೆ ಟ್ಯಾಬ್. ರಬ್ಬರ್ ತುದಿಯ ಅಗ್ಗದ ಸ್ಟೈಲಸ್ (ಟ್ಯಾಬ್ ಪೆನ್) ಬರೀ ಬೆರಳಿನ ಕೆಲಸ ಮಾಡುತ್ತದೆ. ಎಷ್ಟು ಒತ್ತಿದರೂ ಗೆರೆ ದಪ್ಪ ಆಗಲ್ಲ, ಅಂಗೈ ತಾಗಿದಲ್ಲೆಲ್ಲ ಗೀಟು ಬೀಳುತ್ತವೆ. ಸ್ಯಾಮ್‌ಸಂಗ್ ಟ್ಯಾಬ್ ಎಸ್6 ಲೈಟ್‌ಗೆ ಎಸ್ ಪೆನ್ ಡಬ್ಬಿಯಲ್ಲೇ ಬರುತ್ತದೆ, ಅದಕ್ಕೆ ಚಾರ್ಜ್ ಬೇಡ. ಐಪ್ಯಾಡ್‌ಗೆ ಪೆನ್, ಅಂದರೆ ಆಪಲ್ ಪೆನ್ಸಿಲ್, ಬೇರೆ ಕೊಳ್ಳಬೇಕು. ಯುಎಸ್‌ಬಿ-ಸಿ ಮಾದರಿಯ ಆಪಲ್ ಪೆನ್ಸಿಲ್‌ಗೆ ಒತ್ತಡ ತಿಳಿಯೋದೇ ಇಲ್ಲ, ಚಿತ್ರ ಬಿಡಿಸೋರು ಅದನ್ನು ತಗೋಬೇಡಿ. ಅಂಗಡಿಯಲ್ಲೇ ಒಂದು ಓರೆ ಗೆರೆಯನ್ನು ಸ್ಕೇಲ್ ಇಟ್ಟು ನಿಧಾನಕ್ಕೆ ಎಳೆಯಿರಿ. ಗೆರೆ ಅಂಕುಡೊಂಕಾದರೆ ಆ ಟ್ಯಾಬ್ ಬಿಟ್ಟುಬಿಡಿ.

ಸ್ಕ್ಯಾನ್ ಮಾಡಿದ ಕನ್ನಡ ಪಿಡಿಎಫ್ ಓದಲು 10-11 ಇಂಚು ಬೇಕು. 8 ಇಂಚಿನಲ್ಲಿ ಒತ್ತಕ್ಷರ ಕಾಣಲ್ಲ, ಹಿಗ್ಗಿಸಿದರೆ ಸಾಲು ಸಾಲಿಗೂ ಪುಟ ಸರಿಸಬೇಕು. ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನೇ ಹೊಂದಿಕೊಳ್ಳುವ ಇಪಬ್ ಇ-ಪುಸ್ತಕ ಆದರೆ 8 ಸಾಕು.

ಇನ್ನು ನಮ್ಮ ರಾಯಚೂರು, ಬಳ್ಳಾರಿ ಬಿಸಿಲು. ಇಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಐಪ್ಯಾಡ್ ಬಳಕೆಗೆ ಹೇಳಿರುವ ಮಿತಿಯೇ 35. ಮಧ್ಯಾಹ್ನ ಚಾರ್ಜಿಗೆ ಹಾಕಿಕೊಂಡು ಚಿತ್ರ ಬಿಡಿಸಬೇಡಿ. ಬ್ಯಾಟರಿ ಬೇಗ ಸೊರಗುತ್ತದೆ. ಬೆಳಗಿನ ತಂಪಿನಲ್ಲಿ ಶೇ 80ರವರೆಗೆ ಚಾರ್ಜ್ ಮಾಡಿ ತೆಗೆಯಿರಿ. ಧೂಳನ್ನು ಒಣಬಟ್ಟೆಯಿಂದ ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ, ಮೊದಲು ಊದಿ. ಕಾಗದದಂಥ ಸ್ಕ್ರೀನ್ ಗಾರ್ಡ್ ಹಾಕಿದರೆ ನಿಬ್ ಬೇಗ ಸವೆಯುತ್ತದೆ, ಒಂದೆರಡು ಹೆಚ್ಚಿಗೆ ಇಟ್ಟುಕೊಳ್ಳಿ.