ಸುಂಟಿಕೊಪ್ಪದಿಂದ ಜೈಪುರಕ್ಕೆ: ಬ್ಯಾಗಿಗೆ ಯಾವ ಪುಸ್ತಕ ಹಾಕೋದು?

ನಮ್ಮ ಕೊಡಗಿಗೆ ರೈಲಿಲ್ಲ. ದೂರದ ಊರು ಅಂದರೆ ಮೊದಲು ಬಸ್ಸು, ಆಮೇಲೆ ರೈಲು. ಮಗಳು ಜೈಪುರದಲ್ಲಿದ್ದಾಳೆ. ಕಾಫಿ ಕೊಯ್ಲು ಮುಗಿದು, ಕಣದಲ್ಲಿದ್ದದ್ದು ಒಣಗಿ ಮೂಟೆ ಸೇರಿದ ಮೇಲೆ ವರ್ಷಕ್ಕೊಮ್ಮೆ ಹೋಗಿ ಬರುತ್ತೇನೆ. ಮೈಸೂರಿನಿಂದ ನೇರ ರೈಲು, ಎರಡು ರಾತ್ರಿ. ರೈಲಿನಲ್ಲಿ ನಾನು ಓದುವುದು ಫ್ಯಾಂಟಸಿ ಅಥವಾ ಸೈನ್ಸ್ ಫಿಕ್ಷನ್ ಮಾತ್ರ. ಸಂಸಾರದ ಕಥೆ ಎದುರಿನ ಸೀಟಿನಲ್ಲೇ ನಡೆಯುತ್ತಿರುತ್ತದೆ. ಅದನ್ನೇ ಪುಸ್ತಕದಲ್ಲೂ ಯಾಕೆ ಓದಬೇಕು, ಅಲ್ವಾ?

ಪುಸ್ತಕ ನೋಡುವ ಮೊದಲು ದಾರಿ ನೋಡಿ. ನಮ್ಮೂರಿನಿಂದ ಕುಶಾಲನಗರದವರೆಗೆ ಬರೀ ತಿರುವು. ಕಣ್ಣು ಪುಟಕ್ಕೆ ಇಳಿದರೆ ಬೆಳಗಿನ ಅಕ್ಕಿರೊಟ್ಟಿ ಮೇಲೆ ಬರುತ್ತದೆ. ಕಾವೇರಿ ಸೇತುವೆ ದಾಟಿ ಕೊಪ್ಪ ಬಂದ ಮೇಲೆಯೇ ನನ್ನ ಪುಸ್ತಕ ಹೊರಗೆ ಬರುವುದು. ಅಲ್ಲಿಂದ ಮೈಸೂರಿಗೆ ಬೇಕಾದ್ದು ಒಂದು ಸಣ್ಣ ಪುಸ್ತಕ. ಎಚ್.ಜಿ. ವೆಲ್ಸ್ 1895ರಲ್ಲಿ ಬರೆದ 'ದಿ ಟೈಮ್ ಮೆಷಿನ್' ಇದಕ್ಕೆ ಸರಿಯಾದ ಅಳತೆ. ಪ್ರಾಜೆಕ್ಟ್ ಗುಟನ್‌ಬರ್ಗ್ ಅನ್ನುವ ಇ-ಪುಸ್ತಕಗಳ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಹೊರಡುವ ಮೊದಲೇ ಫೋನಿಗೆ ಇಳಿಸಿಕೊಳ್ಳಿ, ದಾರಿಯಲ್ಲಿ ಸಿಗ್ನಲ್ ನಂಬಬೇಡಿ.

ರೈಲಿಗೆ ಆರಿಸುವಾಗಲೇ ನಿಜವಾದ ತಲೆನೋವು. ಫ್ಯಾಂಟಸಿ ಬರೆಯುವವರಿಗೆ ಸರಣಿಯ ಹುಚ್ಚು ಜಾಸ್ತಿ. ಒಂದು ಸಲ ಹಳೇ ಪುಸ್ತಕದ ಅಂಗಡಿಯಿಂದ ದಪ್ಪನೆಯದೊಂದು ತಂದಿದ್ದೆ. ರಕ್ಷಾಪುಟದ ಮೇಲೆ ಡ್ರ್ಯಾಗನ್ ಇತ್ತು, ನಂಬರ್ ಇರಲಿಲ್ಲ. ರೈಲು ಬೆಂಗಳೂರು ಬಿಟ್ಟ ಮೇಲೆ ಗೊತ್ತಾಯಿತು, ಅದು ಸರಣಿಯ ಎರಡನೇ ಭಾಗ. ಮೊದಲ ಪುಟದಲ್ಲೇ ಯಾರೋ ಸತ್ತವನಿಗಾಗಿ ಎಲ್ಲರೂ ಅಳುತ್ತಿದ್ದಾರೆ, ಸತ್ತವನು ಯಾರು ಅಂತ ನನಗೆ ಗೊತ್ತಿಲ್ಲ! ಇಡೀ ರಾತ್ರಿ ಪಲ್ಲಕ್ಕಿಯಲ್ಲಿ ಕೂತ ಹೆಣದ ಹಾಗೆ ಸುಮ್ನೆ ಕಿಟಕಿ ನೋಡಿದೆ. ಈಗ ಮೊದಲು ಒಳಗಿನ ನಾಲ್ಕೈದು ಪುಟ ತಿರುವಿ ನೋಡುತ್ತೇನೆ. ಅದೇ ಲೇಖಕರ ಬೇರೆ ಪುಸ್ತಕಗಳ ಪಟ್ಟಿಯಲ್ಲಿ ಕ್ರಮ ಇರುತ್ತದೆ.

ಮೊದಲನೇ ಭಾಗ ಸಿಕ್ಕರೂ ಸಾಲದು. ಟೋಲ್ಕಿನ್ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದದ್ದು ಒಂದೇ ಕಥೆಯಾಗಿ. ಅದನ್ನು ಮೂರು ಸಂಪುಟವಾಗಿ ಅಚ್ಚು ಮಾಡಿದ್ದು 1954-55ರಲ್ಲಿ. ಒಂದನ್ನೇ ಹಿಡಿದು ಹೋದರೆ ಗೆಳೆಯರೆಲ್ಲ ಚೆದುರಿದ ಹೊತ್ತಿಗೆ ಪುಸ್ತಕ ಮುಗಿದುಹೋಗುತ್ತದೆ. ಮೂರೂ ಸೇರಿದ ಪ್ರತಿ ಒಯ್ಯೋಣ ಅಂದರೆ ಇಟ್ಟಿಗೆಯಂಥ ಭಾರ. ಅಪ್ಪರ್ ಬರ್ತಿನಲ್ಲಿ ಮಲಗಿ ಓದುವಾಗ ನಿದ್ದೆ ಬಂತೋ, ನೇರ ಮೂಗಿನ ಮೇಲೆ.

ಅಂಗಡಿಯಲ್ಲಿ ನಾನು ಮಾಡುವ ಪರೀಕ್ಷೆ ಒಂದಿದೆ. ನಡುವಿನ ಒಂದು ಪುಟ ತೆಗೆದು, ನಮ್ಮ ಲೋಕದಲ್ಲಿಲ್ಲದ ಹೆಸರುಗಳನ್ನು ಬೆರಳಲ್ಲಿ ಎಣಿಸುತ್ತೇನೆ. ಊರು, ಕುಲ, ಆಯುಧ, ತಿಂಡಿ, ಎಲ್ಲ ಲೆಕ್ಕ. ಒಂದು ಕೈ ಬೆರಳು ಮುಗಿದರೆ ಅದು ಮಳೆಗಾಲದಲ್ಲಿ ಮನೆಯಲ್ಲಿ ಕೂತು ಓದುವ ಪುಸ್ತಕ. ಫ್ರಾಂಕ್ ಹರ್ಬರ್ಟ್ ಅವರ 'ಡ್ಯೂನ್' (1965) ಹಾಗೆ. ಕೊನೆಯಲ್ಲಿ ಪದಕೋಶವೇ ಇದೆ. ಅದ್ಭುತ ಕಾದಂಬರಿ, ಆದರೆ ಚಾಯ್ ಚಾಯ್ ಕೂಗಿನ ನಡುವೆ ಹಿಂದೆ ಮುಂದೆ ತಿರುವುತ್ತಾ ಕೂರಲು ನನಗೆ ಆಗಲ್ಲ.

ಒಂದೇ ಪುಸ್ತಕ ಹೇಳಿ ಅಂದರೆ ಉರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ಥ್‌ಸೀ' (1968). ಸರಣಿಯ ಮೊದಲನೆಯದಾದರೂ ಕಥೆ ಅದರಲ್ಲೇ ಪೂರ್ತಿಯಾಗುತ್ತದೆ. ತೆಳ್ಳಗಿದೆ. ಮಂತ್ರ ಕಲಿಯುವ ಹುಡುಗನೊಬ್ಬ ಜಂಬದಲ್ಲಿ ಒಂದು ನೆರಳನ್ನು ಲೋಕಕ್ಕೆ ಬಿಡುತ್ತಾನೆ, ಆಮೇಲೆ ದೋಣಿ ಹತ್ತಿ ದ್ವೀಪದಿಂದ ದ್ವೀಪಕ್ಕೆ ಅದರ ಹಿಂದೆ ಅಲೆಯುತ್ತಾನೆ. ನಾವೂ ಸ್ಟೇಷನ್ನಿಂದ ಸ್ಟೇಷನ್ನಿಗೆ ಅಲೆಯುತ್ತಿರುತ್ತೇವಲ್ಲ, ಚೆನ್ನಾಗಿ ಹೊಂದುತ್ತದೆ. ನನ್ನ ಪ್ರತಿಯ ನಕ್ಷೆಯ ಮೇಲೆ ಚಿತ್ರಾನ್ನದ ಅರಿಶಿನ ಬೆರಳಚ್ಚು ಕೂತಿದೆ. ನಕ್ಷೆಯಲ್ಲಿ ಇಲ್ಲದ ಒಂದು ಹಳದಿ ದ್ವೀಪ.

ಪಕ್ಕದವರು ಮಾತಾಡಿಸುತ್ತಲೇ ಇರುತ್ತಾರೆ ಅನ್ನುವವರಿಗೆ ಅಸಿಮೋವ್ ಅವರ 'ಫೌಂಡೇಷನ್'. ಪುಸ್ತಕವಾಗಿದ್ದು 1951ರಲ್ಲಿ. ಹೆಚ್ಚಿನ ಭಾಗಗಳು ಅದಕ್ಕೂ ಮೊದಲೇ ಪತ್ರಿಕೆಯಲ್ಲಿ ಬಿಡಿ ಕಥೆಗಳಾಗಿ ಬಂದಿದ್ದವು. ಒಂದು ಮುಗಿಸಿ ಊಟ ಮಾಡಿ ಇನ್ನೊಂದು ಹಿಡಿಯಬಹುದು.

ಕನ್ನಡದ್ದೊಂದು ಇರಲೇಬೇಕು. ತೇಜಸ್ವಿಯವರ 'ಕರ್ವಾಲೊ' (1980) ಸೈನ್ಸ್ ಫಿಕ್ಷನ್ ಹೌದೋ ಅಲ್ಲವೋ, ಆ ಜಗಳ ಬೇಡ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ಹತ್ತುವಾಗ ಆಗುವ ಬೆರಗು ಅದೇ ಜಾತಿಯದು. ಎದುರಿನವರು ಓದಲು ಕೇಳಿದರೆ ಕೊಡುವುದಕ್ಕೂ ಇದೇ ಸುಲಭ.

ಇನ್ನೊಂದು. ಕಪಾಟಿನಿಂದ ತೆಗೆದ ಪುಸ್ತಕವನ್ನು ಎರಡು ದಿನ ಬಿಸಿಲಿಗಿಟ್ಟು ಒರೆಸಿ. ನಮ್ಮ ಮಳೆಗೆ ಹಿಡಿದ ಬೂಷ್ಟು ಎಸಿ ಬೋಗಿಯಲ್ಲಿ ಇಡೀ ಕಂಪಾರ್ಟ್‌ಮೆಂಟಿಗೆ ವಾಸನೆ ಹೊಡೆಯುತ್ತದೆ. ವಾಪಸು ಬರುವಾಗಿನ ಪುಸ್ತಕವನ್ನು ಸೂಟ್‌ಕೇಸಿನ ತಳದಲ್ಲಿ, ಸೀರೆಯ ಕೆಳಗೆ ಇಡಿ. ಹೋದ ವರ್ಷ ಟೇಬಲ್ ಮೇಲಿಟ್ಟಿದ್ದೆ, ಅಳಿಯ ಎತ್ತಿಕೊಂಡ. ಇನ್ನೂ ಮುಗಿದಿಲ್ಲವಂತೆ.