ಹೃದಯ ದುರ್ಬಲ, ಆದರೂ ಬಡಿತ ತಗ್ಗಿಸುವ ಮಾತ್ರೆ: ನನ್ನ ಅನುಭವ

ಹೃದಯಕ್ಕೆ ಪಂಪ್ ಮಾಡುವ ಶಕ್ತಿ ಕಡಿಮೆಯಾಗಿದೆ ಎಂದು ಹೇಳಿದ ಡಾಕ್ಟರೇ ಅದರ ಬಡಿತವನ್ನು ಇನ್ನೂ ನಿಧಾನ ಮಾಡುವ ಮಾತ್ರೆ ಬರೆದುಕೊಟ್ಟರು. ಹೆಸರು ಕಾರ್ವೆಡಿಲಾಲ್. 3.125 ಮಿಲಿಗ್ರಾಂ, ಬೆಳಿಗ್ಗೆ ಒಂದು, ರಾತ್ರಿ ಒಂದು. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ನನ್ನ ಇಎಫ್ 30 ಬಂದಿತ್ತು. ಒಂದು ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಕ್ಕೆ ತಳ್ಳುತ್ತದೆ ಅನ್ನುವುದೇ ಇಎಫ್. ಸಾಮಾನ್ಯವಾಗಿ ಅದು 55ರ ಮೇಲಿರಬೇಕು. ಸೋತಿರುವ ಹೃದಯವನ್ನು ಮತ್ತೆ ನಿಧಾನ ಮಾಡಿದರೆ ಗತಿ ಏನು ಎಂದು ಅಲ್ಲೇ ಕೇಳಿಬಿಟ್ಟೆ.

ಅವರು ಬೇಸರ ಮಾಡಿಕೊಳ್ಳದೆ ಹೇಳಿದರು. "ಮೇಡಂ, ಹೃದಯ ಸೋತಿದೆ ಅಂತ ಗೊತ್ತಾದ ಕೂಡಲೇ ದೇಹ ಅಡ್ರಿನಲಿನ್ ಥರದ ರಾಸಾಯನಿಕಗಳನ್ನು ಜಾಸ್ತಿ ಬಿಡುತ್ತೆ. ದಣಿದ ಎತ್ತಿಗೆ ಬಾರುಕೋಲಿನ ಏಟು ಕೊಟ್ಟ ಹಾಗೆ. ಸ್ವಲ್ಪ ಹೊತ್ತು ಓಡುತ್ತೆ, ಆಮೇಲೆ ಕುಸಿಯುತ್ತೆ. ಈ ಮಾತ್ರೆ ಆ ಏಟನ್ನು ತಡೆಯುತ್ತೆ." ಅಡ್ರಿನಲಿನ್ ಬಂದು ಕೂರುವ ಜಾಗಕ್ಕೆ ಬೀಟಾ ರಿಸೆಪ್ಟರ್ ಎನ್ನುತ್ತಾರೆ. ಮಾತ್ರೆ ಅಲ್ಲಿ ಅಡ್ಡ ನಿಲ್ಲುತ್ತದೆ, ಅದಕ್ಕೇ ಈ ಜಾತಿಯ ಮಾತ್ರೆಗಳಿಗೆ ಬೀಟಾ ಬ್ಲಾಕರ್ ಎಂಬ ಹೆಸರು. ಬಡಿತ ತಗ್ಗುತ್ತದೆ, ಎರಡು ಬಡಿತಗಳ ನಡುವೆ ಹೃದಯ ತುಂಬಿಕೊಳ್ಳಲು ಸಮಯ ಸಿಗುತ್ತದೆ. ತಿಂಗಳುಗಳು ಕಳೆದಂತೆ ಹಿಗ್ಗಿದ ಹೃದಯ ತನ್ನ ಆಕಾರಕ್ಕೆ ಮರಳುವುದೂ ಉಂಟು.

ನನ್ನ ಅನುಮಾನ ಹಿಂದೆ ಡಾಕ್ಟರುಗಳಿಗೂ ಇತ್ತು ಎಂದು ಆಮೇಲೆ ಓದಿ ತಿಳಿದುಕೊಂಡೆ. 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿ ಪ್ರೊಪ್ರನಲಾಲ್ ಎಂಬ ಬೀಟಾ ಬ್ಲಾಕರ್ ತಂದಾಗ ಅದು ಎದೆನೋವಿಗೆ, ಬಿಪಿಗೆ ಬಳಕೆಯಾಯಿತು. ಅವರಿಗೆ 1988ರಲ್ಲಿ ನೊಬೆಲ್ ಬಂತು. ಆದರೆ ಹಾರ್ಟ್ ಫೇಲ್ಯೂರ್, ಅಂದರೆ ನನ್ನ ಹಾಗೆ ಹೃದಯ ಸೋತ ಸ್ಥಿತಿ, ಇದ್ದವರಿಗೆ ಈ ಜಾತಿಯ ಮಾತ್ರೆ ಕೊಡಲೇಬಾರದು ಎಂಬ ನಿಯಮವಿತ್ತು. 1975ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಫಿನ್ ವಾಗ್‌ಸ್ಟೈನ್ ಮತ್ತು ಜೊತೆಗಾರರು ಕೆಲವೇ ರೋಗಿಗಳಿಗೆ ಕೊಟ್ಟು, ಅವರು ಸುಧಾರಿಸಿದ್ದನ್ನು ಬರೆದರು. ಬಹಳ ವರ್ಷ ಹೆಚ್ಚಿನವರು ನಂಬಲಿಲ್ಲ. 1999ರಲ್ಲಿ ಎರಡು ದೊಡ್ಡ ಅಧ್ಯಯನಗಳು ಬಂದವು. ಒಂದು ಬಿಸೊಪ್ರೊಲಾಲ್ ಮೇಲೆ, ಇನ್ನೊಂದು ಮೆಟೊಪ್ರೊಲಾಲ್ ಸಕ್ಸಿನೇಟ್ ಮೇಲೆ. ಎರಡರಲ್ಲೂ ಸಾವು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿತ್ತು. 2001ರಲ್ಲಿ ಕಾರ್ವೆಡಿಲಾಲ್ ತೀರಾ ಬಲಹೀನ ಹೃದಯದವರಿಗೂ ಅನುಕೂಲ ಮಾಡುತ್ತದೆ ಎಂದು ತಿಳಿಯಿತು. ಇದನ್ನೆಲ್ಲ ಓದಿದ ಮೇಲೆ ನನಗೆ ಧೈರ್ಯ ಬಂತು. ಯಾಕೆ ತಗೊಳ್ತಿದ್ದೇವೆ ಎಂದು ಗೊತ್ತಿದ್ದರೆ ಮೊದಲ ವಾರಗಳ ಕಷ್ಟ ತಡೆದುಕೊಳ್ಳಬಹುದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಬೀಟಾ ಬ್ಲಾಕರ್ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ನಮ್ಮ ಅಕ್ಕ ಬಿಪಿಗೆ ಅಟೆನೊಲಾಲ್ ತಗೊಳ್ತಾಳೆ. "ನಿಂದೂ ನಂದೂ ಒಂದೇ ಮಾತ್ರೆ ಕಣೇ" ಅಂದಿದ್ದಳು. ಪಂಪ್ ಶಕ್ತಿ ಕುಗ್ಗಿದವರಿಗೆ ಆಯಸ್ಸು ಹೆಚ್ಚಿಸುತ್ತವೆ ಎಂದು ದೊಡ್ಡ ಅಧ್ಯಯನಗಳಲ್ಲಿ ಗೊತ್ತಾಗಿರುವುದು ಬಿಸೊಪ್ರೊಲಾಲ್, ಕಾರ್ವೆಡಿಲಾಲ್, ಮೆಟೊಪ್ರೊಲಾಲ್ ಸಕ್ಸಿನೇಟ್, ಈ ಮೂರು. ವಯಸ್ಸಾದವರಿಗೆ ನೆಬಿವೊಲಾಲ್ ಕೊಡುವುದೂ ಇದೆ. ಮೆಟೊಪ್ರೊಲಾಲ್‌ನಲ್ಲೇ ಎರಡು ಬಗೆ. ಸಕ್ಸಿನೇಟ್ ನಿಧಾನವಾಗಿ ಬಿಡುಗಡೆಯಾಗುತ್ತದೆ, ದಿನಕ್ಕೊಂದು ಸಾಕು. ಟಾರ್ಟ್ರೇಟ್ ಬೇಗ ಕರಗುತ್ತದೆ. ಹಾರ್ಟ್ ಫೇಲ್ಯೂರ್‌ಗೆ ಬೇಕಾದದ್ದು ಸಕ್ಸಿನೇಟ್. ಸ್ಟ್ರಿಪ್ ಹಿಂದೆ ಸಣ್ಣಕ್ಷರದಲ್ಲಿರುವ ಈ ಪದವನ್ನು ನನ್ನ ನಾದಿನಿಗೆ ಪ್ರತಿ ತಿಂಗಳು ಓದಿ ಹೇಳುವುದು ನನ್ನ ಕೆಲಸ. ಅವಳ ಮಾತ್ರೆಯನ್ನು ಡಾಕ್ಟರು ಅರ್ಧ ಮಾಡಲು ಹೇಳಿದ್ದಾಗ ಗೆರೆ ಇರುವ ಕಡೆ ಮುರಿದಿದ್ದಾಯಿತು. ಅದನ್ನು ಪುಡಿ ಮಾಡಬಾರದು, ಅಗಿಯಬಾರದು. ಹಾಗೆ ಮಾಡಿದರೆ ಇಡೀ ದಿನಕ್ಕಿರುವ ಔಷಧ ಒಮ್ಮೆಲೇ ಒಳಗೆ ಹೋಗುತ್ತದೆ.

ಈಗ ನನ್ನ ವಿಷಯ. ಕಾಲು ಊತ ಇರುವಾಗ, ಮಲಗಿದರೆ ಉಸಿರು ಕಟ್ಟುವಾಗ ಈ ಮಾತ್ರೆ ಶುರು ಮಾಡಲಿಲ್ಲ. ಮೊದಲು ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚಿಸುವ ಮಾತ್ರೆ, ಕೊಟ್ಟು ಮೈಯಲ್ಲಿ ನಿಂತ ನೀರು ಇಳಿಸಿದರು. ಆಮೇಲೆ 3.125. ಅದು ಒಗ್ಗಿದರೆ 6.25, ಆಮೇಲೆ 12.5, ಕೊನೆಗೆ 25. ಪ್ರತಿ ಮೆಟ್ಟಿಲಿಗೂ ಕನಿಷ್ಠ ಎರಡು ವಾರ. ನನಗೆ ಕೆಲವು ಮೆಟ್ಟಿಲಿಗೆ ಅದಕ್ಕಿಂತ ಜಾಸ್ತಿ ಹಿಡಿಯಿತು. ಅದರಲ್ಲಿ ತಪ್ಪೇನಿಲ್ಲ. ಅವಸರ ಮಾಡಿದರೆ ಸೋತ ಹೃದಯಕ್ಕೆ ಇದೇ ಮಾತ್ರೆ ಭಾರವಾಗುತ್ತದೆ.

ಮೊದಲ ವಾರಗಳು ನಿಜಕ್ಕೂ ಸುಸ್ತು. ಸ್ನಾನ ಮಾಡಿ ಬಂದರೆ ಕೂರಬೇಕು ಅನ್ನಿಸುತ್ತಿತ್ತು. ಕೈಕಾಲು ತಣ್ಣಗೆ. ರಾತ್ರಿ ವಿಚಿತ್ರ ಕನಸುಗಳು. ಡೋಸ್ ಏರಿಸಿದಾಗಲೆಲ್ಲ ಕೆಲವು ದಿನ ಇದೇ ಕಥೆ, ಆಮೇಲೆ ತಿಳಿಯಾಗುತ್ತಿತ್ತು. ಮಾತ್ರೆ ಕೆಲಸ ಮಾಡುವುದು ತಿಂಗಳುಗಟ್ಟಲೆ, ತೊಂದರೆ ಕೊಡುವುದು ಮಾತ್ರ ಮೊದಲ ದಿನದಿಂದಲೇ. ಹೀಗಾಗಿ ಎಷ್ಟೋ ಜನ ಅರ್ಧ ದಾರಿಯಲ್ಲಿ ಬಿಡುತ್ತಾರೆ. ಅದಕ್ಕೇ ಒಂದು ದಿನದ ಸುಸ್ತನ್ನು ನೋಡಿ ತೀರ್ಮಾನ ಮಾಡಬಾರದು ಎಂದು ನಾನು ನಿರ್ಧರಿಸಿದೆ. ಹಾಗಾದರೆ ಏನನ್ನು ನೋಡಬೇಕು? ಅಂಕಿಗಳನ್ನು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ನೂರು ಪುಟದ ನೋಟ್‌ಬುಕ್ ತಂದು ಗೆರೆ ಎಳೆದೆ. ತಾರೀಖು, ತೂಕ, ಬಿಪಿ, ನಾಡಿ, ಕೊನೆಗೆ ಒಂದು ಸಾಲು ಟಿಪ್ಪಣಿ. ತೂಕ ನೋಡುವುದು ಬೆಳಿಗ್ಗೆ ಎದ್ದು, ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ಕಾಫಿಗೆ ಮುಂಚೆ. ಅದೇ ಯಂತ್ರ, ನೆಲದ ಅದೇ ಜಾಗ. ಬಿಪಿ ನೋಡುವ ಮುಂಚೆ ಐದು ನಿಮಿಷ ಸುಮ್ನೆ ಕೂರಬೇಕು. ನಾಡಿಯನ್ನು ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ಎಣಿಸುತ್ತೇನೆ. ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಸುಲಭ, ಆದರೆ ಬಡಿತ ಏರುಪೇರಾಗಿದ್ದರೆ ಆ ಲೆಕ್ಕ ತಪ್ಪುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೂಡ ನಾಡಿ ತೋರಿಸುತ್ತದೆ, ನಿಜ. ಆದರೂ ಕೈಯಲ್ಲಿ ಎಣಿಸಿದರೆ ಬಡಿತ ತಪ್ಪುತ್ತಿದೆಯೋ ಇಲ್ಲವೋ ಅನ್ನುವುದೂ ಗೊತ್ತಾಗುತ್ತದೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಡಾಕ್ಟರ ಕೈಯಲ್ಲೇ ಬರೆಸಿಕೊಂಡೆ. ನಾಡಿ 50ಕ್ಕಿಂತ ಕೆಳಗೆ ಇಳಿದರೆ ಫೋನ್. ಮೇಲಿನ ಬಿಪಿ 90ಕ್ಕಿಂತ ಕಡಿಮೆ, ಜೊತೆಗೆ ತಲೆಸುತ್ತು ಇದ್ದರೆ ಫೋನ್. ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ, ಕಾಲು ಊದಿದರೆ, ಮಲಗಿದಾಗ ಉಸಿರಿಗಾಗಿ ಇನ್ನೊಂದು ದಿಂಬು ಬೇಕೆನಿಸಿದರೆ ಅವತ್ತೇ ಫೋನ್. ಪ್ರಜ್ಞೆ ತಪ್ಪಿದರೆ, ಉಸಿರಾಡಲು ಆಗದಿದ್ದರೆ, ಎದೆನೋವು ಬಂದರೆ ಫೋನಿಗೆ ಕಾಯದೆ ನೇರ ಆಸ್ಪತ್ರೆ. ನಿಮ್ಮ ಡಾಕ್ಟರು ಬೇರೆ ಅಂಕಿ ಹೇಳಿರಬಹುದು. ನಿಮಗೆ ಅದೇ ಸರಿ.

ಈ ಪುಟ ಕೆಲಸಕ್ಕೆ ಬಂದದ್ದು 12.5ಕ್ಕೆ ಏರಿಸಿದಾಗ. ತೂಕ ದಿನದಿಂದ ದಿನಕ್ಕೆ ಏರತೊಡಗಿತು. ಕಾಲಲ್ಲಿ ಊತ ಇನ್ನೂ ಕಾಣುತ್ತಿರಲಿಲ್ಲ, ಚಪ್ಪಲಿ ಸರಿಯಾಗೇ ಇತ್ತು. ಅಂಕಿ ಮಾತ್ರ ಹೇಳುತ್ತಿತ್ತು. ಫೋನ್ ಮಾಡಿ ಮೂರು ದಿನದ ತೂಕ ಓದಿದೆ. ಡಾಕ್ಟರು ಕಾರ್ವೆಡಿಲಾಲ್ ಮುಟ್ಟಲಿಲ್ಲ. ನೀರಿನ ಮಾತ್ರೆಯನ್ನು ಕೆಲವು ದಿನ ಜಾಸ್ತಿ ಮಾಡಿದರು, ತೂಕ ಇಳಿಯಿತು. ಬೀಟಾ ಬ್ಲಾಕರ್‌ನಿಂದ ಶುರುವಿನಲ್ಲಿ ನೀರು ನಿಂತರೆ ಮೊದಲು ಸರಿಪಡಿಸುವುದು ಸಾಮಾನ್ಯವಾಗಿ ನೀರಿನ ಮಾತ್ರೆಯನ್ನು ಎಂದು ಅವತ್ತು ಕಲಿತೆ. ಬರೀ "ಯಾಕೋ ಸರಿಯಿಲ್ಲ ಡಾಕ್ಟ್ರೇ" ಅಂದಿದ್ದರೆ ಅವರು ತಾನೇ ಏನು ಮಾಡಿಯಾರು?

ತಲೆಸುತ್ತಿಗೂ ದಾರಿ ಸಿಕ್ಕಿತು. ಕಾರ್ವೆಡಿಲಾಲ್ ಅನ್ನು ಊಟದ ಜೊತೆಗೇ ತಗೋಬೇಕು. ಹೊಟ್ಟೆಯಲ್ಲಿ ಆಹಾರ ಇದ್ದರೆ ಅದು ನಿಧಾನವಾಗಿ ರಕ್ತಕ್ಕೆ ಸೇರುತ್ತದೆ, ಎದ್ದು ನಿಂತಾಗ ಬಿಪಿ ದಿಢೀರ್ ಇಳಿಯುವುದು ಕಡಿಮೆ. ಹಾಗಾಗಿ ನನ್ನ ಮಾತ್ರೆ ಡಬ್ಬಿ ಇರುವುದು ಊಟದ ಮೇಜಿನ ಮೇಲೆ. ಬಿಪಿ ಇಳಿಸುವ ಇನ್ನೊಂದು ಮಾತ್ರೆಯೂ ಇತ್ತು. ಎರಡೂ ಒಟ್ಟಿಗೆ ಹೋದಾಗ ಕಣ್ಣು ಕತ್ತಲೆ ಬರುತ್ತಿತ್ತು. ಡಾಕ್ಟರನ್ನು ಕೇಳಿ ಎರಡರ ನಡುವೆ ಒಂದೆರಡು ಗಂಟೆ ಅಂತರ ಇಟ್ಟೆ. ಹಾಸಿಗೆಯಿಂದ ಏಳುವಾಗ ಅಂಚಿನಲ್ಲಿ ಸ್ವಲ್ಪ ಕೂತು ಏಳುವುದು ಈಗ ಅಭ್ಯಾಸವಾಗಿದೆ. ಏಕಾದಶಿಯಂದು ಅನ್ನ ತಿನ್ನುವುದಿಲ್ಲ. ಅವಲಕ್ಕಿಯೋ ಉಪ್ಪಿಟ್ಟೋ ಫಲಾಹಾರ ಮಾಡಿ ಮಾತ್ರೆ ತಗೊಳ್ತೇನೆ. ನಿರ್ಜಲ ಉಪವಾಸದ ಆಸೆ ಇರುವವರು ಡಾಕ್ಟರನ್ನು ಕೇಳಿಯೇ ಮಾಡಿ. ಬರೀ ಹೊಟ್ಟೆ, ನೀರಿನ ಮಾತ್ರೆ, ಇದು, ಮೂರೂ ಸೇರಿದರೆ ಬಿದ್ದುಬಿಡುತ್ತೀರಿ. ವಾಂತಿಭೇದಿ ಬಂದ ದಿನವೂ ಅಷ್ಟೇ, ಫೋನ್ ಮಾಡಿ ಕೇಳಬೇಕು.

ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ನನ್ನ ಸುಸ್ತು ನೋಡಿ ಅಕ್ಕ "ನಾಲ್ಕು ದಿನ ಬಿಟ್ಟು ನೋಡೇ" ಅಂದಳು. ಪ್ರೀತಿಯಿಂದ ಅಂದದ್ದೇ. ಆದರೆ ಮಾತ್ರೆ ಅಡ್ಡ ನಿಂತಿರುವಷ್ಟು ಕಾಲ ಆ ರಿಸೆಪ್ಟರುಗಳು ಇನ್ನಷ್ಟು ಸೂಕ್ಷ್ಮವಾಗಿರುತ್ತವೆ. ಥಟ್ಟನೆ ಅಡ್ಡ ತೆಗೆದರೆ ಅಡ್ರಿನಲಿನ್ ಒಮ್ಮೆಲೇ ಮೇಲೆ ಬೀಳುತ್ತದೆ. ನಾಡಿ ಓಡುತ್ತದೆ, ಬಿಪಿ ಏರಬಹುದು, ಎದೆನೋವು ಬರಬಹುದು, ಬಡಿತದ ತಾಳ ತಪ್ಪಬಹುದು. ನಿಲ್ಲಿಸಲೇಬೇಕಾದರೂ ಡಾಕ್ಟರು ಸಾಮಾನ್ಯವಾಗಿ ಹಂತಹಂತವಾಗಿ ಇಳಿಸುತ್ತಾರೆ. ಒಂದು ಹೊತ್ತು ಮರೆತರೆ ಅಂಥ ಗಾಬರಿ ಬೇಡ. ನೆನಪಾದಾಗ ತಗೊಳ್ಳಬಹುದು. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಅದೊಂದನ್ನೇ ತಗೊಳ್ಳಿ, ಎರಡು ಸೇರಿಸಬೇಡಿ.

ಮಾತ್ರೆ ಮುಗಿದು ನಿಲ್ಲುವುದೂ ನಿಲ್ಲಿಸಿದಂತೆಯೇ. ನಾನು ಒಂದು ವಾರದ್ದು ಉಳಿದಿರುವಾಗಲೇ ತರುತ್ತೇನೆ. ಮೆಡಿಕಲ್ ಶಾಪಿನಲ್ಲಿ ಸ್ಟ್ರಿಪ್ ಕತ್ತರಿಸಿ ಕೊಟ್ಟರೆ ಹೆಸರು, ಮಿಲಿಗ್ರಾಂ, ಎಕ್ಸ್‌ಪೈರಿ ಇನ್ನೊಂದು ತುಂಡಿನಲ್ಲಿ ಉಳಿದುಬಿಡುತ್ತವೆ. ಪೂರ್ತಿ ಸ್ಟ್ರಿಪ್ಪೇ ಕೇಳಿ. "ಆ ಕಂಪನಿದು ಇಲ್ಲ ಮೇಡಂ, ಇದೂ ಅದೇ" ಅಂದಾಗ ಔಷಧದ ಹೆಸರು ಮತ್ತು ಮಿಲಿಗ್ರಾಂ ಎರಡನ್ನೂ ಹಳೆಯ ಸ್ಟ್ರಿಪ್ ಪಕ್ಕ ಇಟ್ಟು ನೋಡುತ್ತೇನೆ. ಜನೌಷಧಿ ಕೇಂದ್ರದಲ್ಲಿ ತರುವುದಿದ್ದರೂ ಇದೇ ಪದ್ಧತಿ. ಡೋಸ್ ಏರಿಸಿದ ದಿನವೇ ಹಳೆಯ ಮಿಲಿಗ್ರಾಂನ ಸ್ಟ್ರಿಪ್ಪುಗಳನ್ನು ಡಬ್ಬಿಯಿಂದ ತೆಗೆದುಬಿಡಬೇಕು. 6.25 ಮತ್ತು 12.5 ಒಂದೇ ಡಬ್ಬಿಯಲ್ಲಿದ್ದರೆ ಕರೆಂಟ್ ಹೋದ ರಾತ್ರಿ ಯಾವುದು ಕೈಗೆ ಬರುತ್ತದೋ!

ನನಗೆ ಸಕ್ಕರೆ ಕಾಯಿಲೆಯೂ ಇದೆ. ಸಕ್ಕರೆ ಇಳಿದಾಗ ಮೊದಲು ಎದೆ ಡವಡವ ಅನ್ನುತ್ತಿತ್ತು, ಕೈ ನಡುಗುತ್ತಿತ್ತು. ಬೀಟಾ ಬ್ಲಾಕರ್ ಈ ಎರಡೂ ಎಚ್ಚರಿಕೆಯನ್ನು ಮರೆಮಾಡುತ್ತದೆ. ಬೆವರು ಮಾತ್ರ ಬರುತ್ತದೆ. ಸುಮ್ಮನೆ ಕೂತಿರುವಾಗ ಹಣೆ ಬೆವರಿದರೆ ಗ್ಲೂಕೋಮೀಟರ್ ತೆಗೆಯುತ್ತೇನೆ. ಸಕ್ಕರೆ ಇಳಿಸುವ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಇದನ್ನು ಮನೆಯವರಿಗೂ ಹೇಳಿಡಿ. ಆಸ್ತಮಾ ಇದ್ದವರು ಶುರು ಮಾಡುವ ಮುಂಚೆಯೇ ಡಾಕ್ಟರಿಗೆ ತಿಳಿಸಬೇಕು. ಉಸಿರಿನಲ್ಲಿ ಸುಯ್ ಸುಯ್ ಶಬ್ದ ಹೊಸದಾಗಿ ಬಂದರೆ ಕಾಯಬಾರದು.

ಅಂಗಡಿಯಿಂದ ಚೀಟಿ ಇಲ್ಲದೆ ತರುವ ಮಾತ್ರೆಗಳ ಬಗ್ಗೆ ನಾನು ಕಟ್ಟುನಿಟ್ಟು. ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಬೇಡ. ಅವು ದೇಹದಲ್ಲಿ ಉಪ್ಪುನೀರು ನಿಲ್ಲಿಸುತ್ತವೆ, ಕಿಡ್ನಿಗೂ ಹೊರೆ. ಮೂಗು ಕಟ್ಟಿದಾಗ ತಗೊಳ್ಳುವ ಶೀತದ ಮಾತ್ರೆಗಳಲ್ಲಿ ಬಿಪಿ, ಬಡಿತ ಏರಿಸುವ ಅಂಶ ಇರುತ್ತದೆ. ಗ್ಯಾಸ್ ಎಂದು ಕುಡಿಯುವ ನೊರೆ ಬರುವ ಪುಡಿಯಲ್ಲಿ ಉಪ್ಪಿನಲ್ಲಿರುವ ಸೋಡಿಯಂ ಇದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಟ್ಟು ಬಾಯಿ ಕಟ್ಟಿಕೊಂಡವರು ಆ ಪುಡಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ವೆರಪಮಿಲ್, ಡಿಲ್ಟಿಯಾಜೆಮ್ ಎಂಬ ಮಾತ್ರೆಗಳನ್ನು ಬೇರೆ ಡಾಕ್ಟರು ಬರೆದರೆ ನಿಮ್ಮ ಹೃದಯದ ಡಾಕ್ಟರಿಗೆ ತೋರಿಸದೆ ನುಂಗಬೇಡಿ. ಬೀಟಾ ಬ್ಲಾಕರ್ ಜೊತೆ ಸೇರಿದರೆ ಬಡಿತ ತೀರಾ ಇಳಿಯಬಹುದು.

ನನ್ನ ನಾಡಿ ಮೊದಲು 90ರ ಆಸುಪಾಸು ಇರುತ್ತಿತ್ತು, ಈಗ 60ರ ಮೇಲೆ ನಿಂತಿದೆ. ಬಿಪಿ ಒಪ್ಪದ ಕಾರಣ 25ಕ್ಕೆ ಹೋಗಲು ಆಗಲಿಲ್ಲ, ದಿನಕ್ಕೆರಡು ಸಲ 12.5ರಲ್ಲೇ ಇದ್ದೇನೆ. ದೇಹ ತಡೆದುಕೊಳ್ಳುವಷ್ಟು ಡೋಸ್ ಸಿಕ್ಕರೂ ಪ್ರಯೋಜನ ಇದೆ ಎಂದರು ಡಾಕ್ಟರು. ಕಳೆದ ಎಕೋದಲ್ಲಿ ಇಎಫ್ 42. ಬೀಟಾ ಬ್ಲಾಕರ್ ಒಂದೇ ಅದನ್ನು ಮಾಡಿದ್ದಲ್ಲ, ಜೊತೆಯ ಮಾತ್ರೆಗಳ ಪಾಲೂ ಇದೆ. ರಿಪೋರ್ಟ್ ನೋಡಿ ಮಗ, "ಅಮ್ಮಾ, ಇನ್ನು ಮಾತ್ರೆ ಕಡಿಮೆ ಮಾಡಬಹುದಾ?" ಅಂತ ಕೇಳಿದ. ಇದಕ್ಕೆ ಲಂಡನ್ನಿನ ಒಂದು ಅಧ್ಯಯನದಲ್ಲಿ ಉತ್ತರವಿದೆ, 2018ರಲ್ಲಿ ಪ್ರಕಟವಾದದ್ದು. ಹೃದಯ ಹಿಗ್ಗಿ, ಔಷಧಿಯಿಂದ ಪೂರ್ತಿ ಸುಧಾರಿಸಿದವರಲ್ಲಿ 25 ಮಂದಿಗೆ ಔಷಧಿಗಳನ್ನು ಹಂತಹಂತವಾಗಿ ನಿಲ್ಲಿಸಿ ನೋಡಿದರು. ಆರು ತಿಂಗಳೊಳಗೆ 11 ಮಂದಿಗೆ ಕಾಯಿಲೆ ಮರಳಿತು. ಮಗನಿಗೆ ಅದನ್ನೇ ಹೇಳಿದೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿ ಕೂಡ ಬೀಟಾ ಬ್ಲಾಕರ್. ಕಣ್ಣಿನಿಂದ ಮೂಗಿನ ಒಳಗಿಳಿದು ರಕ್ತ ಸೇರುತ್ತದೆ. ನಾಡಿ ಇನ್ನೂ ಇಳಿಸಬಹುದು, ಉಬ್ಬಸ ತರಬಹುದು. ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ನಾನು ಮಾತ್ರೆಗಳ ಪಟ್ಟಿ ಮುಂದಿಟ್ಟೆ, ಅವರು ಬೇರೆ ಜಾತಿಯ ಹನಿ ಬರೆದರು. ಆ ಪಟ್ಟಿ ಈಗ ಪರ್ಸಿನಲ್ಲೇ ಇದೆ. ಹಲ್ಲು ಕೀಳಿಸುವಾಗ, ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವವರು ಬಂದಾಗ ಅದನ್ನೇ ಕೊಡುತ್ತೇನೆ. ಆಪರೇಷನ್ ದಿನ ಬೆಳಿಗ್ಗೆ ಈ ಮಾತ್ರೆ ತಗೊಳ್ಳಬೇಕಾ ಎಂದು ಅವರನ್ನೇ ಬಾಯಿಬಿಟ್ಟು ಕೇಳಿ. ಸಾಮಾನ್ಯವಾಗಿ ತಗೊಳ್ಳಿ ಎಂದೇ ಹೇಳುತ್ತಾರೆ, ಒಂದು ಗುಟುಕು ನೀರಿನಲ್ಲಿ.