ಲಾ ಪಾಲ್ಮಾದಲ್ಲಿ ನಕ್ಷತ್ರ ನೋಡಲು: ಬೆಟ್ಟದ ತುದಿ ಹಗಲಿಗೆ, ಕೆಳಗಿನ ಬಯಲು ರಾತ್ರಿಗೆ

ಮೊದಲು ಟಿಕೆಟ್ ವಿಷಯ. ಸ್ಪೇನ್‌ನಲ್ಲಿ ಪಾಲ್ಮಾ ಅಂತ ಒಂದು ಊರು ಮಯೋರ್ಕಾದಲ್ಲಿದೆ, ಲಾಸ್ ಪಾಲ್ಮಾಸ್ ಅಂತ ಇನ್ನೊಂದು ಗ್ರಾನ್ ಕನಾರಿಯಾದಲ್ಲಿದೆ. ನಿಮಗೆ ಬೇಕಾದದ್ದು ಇವೆರಡೂ ಅಲ್ಲ, ಆಫ್ರಿಕಾದ ಪಶ್ಚಿಮಕ್ಕೆ ಅಟ್ಲಾಂಟಿಕ್‌ನಲ್ಲಿರುವ ಸ್ಪೇನ್‌ನ ಕನಾರಿ ದ್ವೀಪಗಳಲ್ಲೊಂದಾದ ಲಾ ಪಾಲ್ಮಾ. ವಿಮಾನ ನಿಲ್ದಾಣದ ಕೋಡ್ ಎಸ್‌ಪಿಸಿ. ಅದನ್ನು ನೋಡಿಯೇ ದುಡ್ಡು ಕಟ್ಟಿ. ಅದೇ ಗುಂಪಿನ ಟೆನೆರಿಫೆ ದ್ವೀಪದಿಂದ ವಿಮಾನದಲ್ಲಿ ಸುಮಾರು ಅರ್ಧ ಗಂಟೆ. ಭಾರತದ ಪಾಸ್‌ಪೋರ್ಟ್ ಇದ್ದರೆ ಷೆಂಗೆನ್ ವೀಸಾ ಬೇಕು.

ಆಮೇಲೆ ಕ್ಯಾಲೆಂಡರ್ ತೆಗೆದು ಅಮಾವಾಸ್ಯೆ ಯಾವತ್ತು ಅಂತ ನೋಡಿ. ಗೋಡೆಯ ಮೇಲಿನ ಪಂಚಾಂಗವೇ ಸಾಕು, ಆ್ಯಪ್ ಬೇಕಿಲ್ಲ. ಹುಣ್ಣಿಮೆಯ ಆಸುಪಾಸಿನಲ್ಲಿ ಹೋದರೆ ಆಕಾಶಗಂಗೆ ಕಾಣುವುದೇ ಇಲ್ಲ, ಅಷ್ಟು ದೂರ ಹೋಗಿ ಚಂದ್ರನನ್ನು ನೋಡಿ ಬರಬೇಕಾಗುತ್ತದೆ ಅಷ್ಟೇ.

ಇಲ್ಲಿ ಕತ್ತಲೆ ತಾನಾಗಿ ಉಳಿದಿಲ್ಲ, ಕಾನೂನು ಮಾಡಿ ಉಳಿಸಿಕೊಂಡಿದ್ದಾರೆ. 1988ರಲ್ಲಿ ಬಂದ ಆಕಾಶ ಸಂರಕ್ಷಣಾ ಕಾನೂನಿನಿಂದಾಗಿ ಬೀದಿ ದೀಪಗಳ ಬೆಳಕು ನೆಲಕ್ಕೇ ಬೀಳಬೇಕು, ಮೇಲಕ್ಕೆ ಚೆಲ್ಲಬಾರದು. ಬೆಟ್ಟದ ತುದಿಯಲ್ಲಿರುವ ಖಗೋಳ ವೀಕ್ಷಣಾಲಯದ ಮೇಲೆ ವಿಮಾನ ಹಾರಾಟಕ್ಕೂ ಮಿತಿ ಇದೆ. ಹಾಗಾಗಿ ಊರೊಳಗಿನ ಬೀದಿಗಳು ನಮಗೆ ಸ್ವಲ್ಪ ಮಂಕು ಅನ್ನಿಸಬಹುದು. ಅದಕ್ಕೇ ಅಲ್ವಾ ನಾವು ಹೋಗಿರುವುದು?

ಹೆಚ್ಚಿನವರು ಎಡವುವುದು ರಾತ್ರಿ ನೇರ ಬೆಟ್ಟದ ತುದಿಗೇ ಹೋಗಬೇಕು ಅಂದುಕೊಂಡು. ರೋಕೆ ದೆ ಲೋಸ್ ಮುಚಾಚೋಸ್ ಅನ್ನುವ ಆ ತುದಿ 2,426 ಮೀಟರ್ ಎತ್ತರದಲ್ಲಿದೆ, ದೊಡ್ಡ ದೂರದರ್ಶಕಗಳೆಲ್ಲ ಅಲ್ಲೇ ಇವೆ, ನಿಜ. ಆದರೆ ರಾತ್ರಿ ವೀಕ್ಷಣಾಲಯದೊಳಗೆ ಜನರನ್ನು ಬಿಡುವುದಿಲ್ಲ. ಒಂದು ಕಾರಿನ ಹೆಡ್‌ಲೈಟ್ ಬಿದ್ದರೂ ಅವರ ಕೆಲಸ ಕೆಡುತ್ತದೆ. ತುದಿಗೆ ಹಗಲಲ್ಲೇ ಹೋಗಿ. ಗೈಡ್ ಜೊತೆಗಿನ ಭೇಟಿಯನ್ನು ಮುಂಚೆಯೇ ಬುಕ್ ಮಾಡಿಕೊಳ್ಳಬೇಕು. 36 ಷಟ್ಕೋನ ಕನ್ನಡಿಗಳನ್ನು ಜೋಡಿಸಿ 10.4 ಮೀಟರ್ ಅಗಲದ ಒಂದೇ ಕನ್ನಡಿ ಮಾಡಿರುವ ಗ್ರಾನ್ ಟೆಲಿಸ್ಕೋಪಿಯೊ ಕನಾರಿಯಾಸ್ ದೂರದರ್ಶಕ ಇರುವುದು ಇಲ್ಲೇ. ನನಗೆ ಮಾತ್ರ ಅದಕ್ಕಿಂತ ಇಷ್ಟವಾಗುವುದು ಮ್ಯಾಜಿಕ್ ಅನ್ನುವ ಜೋಡಿ ದೂರದರ್ಶಕಗಳು. ಇವಕ್ಕೆ ಗುಮ್ಮಟವೇ ಇಲ್ಲ, 17 ಮೀಟರ್ ಅಗಲದ ಕನ್ನಡಿಗಳು ಬಯಲಲ್ಲೇ ನಿಂತಿವೆ, ರಸ್ತೆಯಿಂದ ನೋಡಿದರೆ ಅದರೊಳಗೆ ಬೆಟ್ಟ, ಮೋಡ, ಆಕಾಶ ಎಲ್ಲ ತಲೆಕೆಳಗಾಗಿ ಚೂರುಚೂರಾಗಿ ಕಾಣುತ್ತವೆ.

ತುದಿಗೆ ಹತ್ತುವ ಎಲ್‌ಪಿ-4 ರಸ್ತೆ ಪೂರ್ತಿ ತಿರುವು. ವಾಂತಿ ಬರುವವರು ಖಾಲಿ ಹೊಟ್ಟೆಯಲ್ಲೂ ಹತ್ತಬೇಡಿ, ತುಂಬ ತಿಂದೂ ಹತ್ತಬೇಡಿ. ಚಳಿಗಾಲದಲ್ಲಿ ಹಿಮ ಬಿದ್ದು ರಸ್ತೆ ಮುಚ್ಚುವುದೂ ಉಂಟು.

ಇನ್ನು ರಾತ್ರಿಗೆ. ದ್ವೀಪದ ತುಂಬ ನಕ್ಷತ್ರ ನೋಡಲೆಂದೇ ಗುರುತಿಸಿದ ಜಾಗಗಳಿವೆ, ಅವಕ್ಕೆ ಮಿರಾದೋರ್ ಅನ್ನುತ್ತಾರೆ. ಮೊದಲ ಸಲಕ್ಕೆ ಎಲ್ ಪಾಸೊ ಊರಿನ ಹತ್ತಿರದ ಯಾನೊ ದೆಲ್ ಹಾಬ್ಲೆ ಒಳ್ಳೆಯದು. ಸುತ್ತ ಪೈನ್ ಮರ, ಕಾಲ ಕೆಳಗೆ ಜ್ವಾಲಾಮುಖಿಯ ಕಪ್ಪು ಮರಳು, ನಡೆದರೆ ಕರಕರ ಅನ್ನುತ್ತದೆ. ಕಾರಿನ ದೀಪ ಆರಿಸಿ, ಮೊಬೈಲ್ ಜೇಬಿಗೆ ಹಾಕಿ, ಇಪ್ಪತ್ತು–ಮೂವತ್ತು ನಿಮಿಷ ಸುಮ್ನೆ ಕೂತುಕೊಳ್ಳಿ, ಕಣ್ಣು ಕತ್ತಲೆಗೆ ಹೊಂದಲು ಅಷ್ಟು ಬೇಕು. ಬೆಳಕು ಬೇಕೇಬೇಕು ಅಂದರೆ ಮಂದವಾದ ಕೆಂಪು ಟಾರ್ಚ್. ಆಗಸ್ಟ್‌ನಲ್ಲೂ ಸ್ವೆಟರ್ ಇರಲಿ.

ಏನು ನೋಡಬೇಕು? ಧ್ರುವ ನಕ್ಷತ್ರದಿಂದ ಶುರು ಮಾಡಿ. ಬೆಂಗಳೂರಿನಲ್ಲಿ ಅದು ದಿಗಂತದಿಂದ ಸುಮಾರು 13 ಡಿಗ್ರಿ ಮಾತ್ರ ಮೇಲಿರುತ್ತದೆ, ಕಟ್ಟಡಗಳ ಹಿಂದೆ ಹೋಗಿಬಿಡುತ್ತದೆ. ಇಲ್ಲಿ ಸುಮಾರು 29 ಡಿಗ್ರಿ. ಅಗಸ್ತ್ಯ ಇದಕ್ಕೆ ಉಲ್ಟಾ. ನಮ್ಮಲ್ಲಿ ಆರಾಮಾಗಿ ಕಾಣುವ ಆ ನಕ್ಷತ್ರ ಇಲ್ಲಿ ಚಳಿಗಾಲದಲ್ಲಿ ದಕ್ಷಿಣದ ಸಮುದ್ರದ ಅಂಚಿಗೆ ಅಂಟಿಕೊಂಡಿರುತ್ತದೆ. ಬೇಸಿಗೆಯಲ್ಲಿ ವೃಶ್ಚಿಕದ ಕೊಂಡಿಯ ಹತ್ತಿರ ಆಕಾಶಗಂಗೆ ದಟ್ಟವಾಗಿರುತ್ತದೆ, ಬರಿಗಣ್ಣಿಗೇ ಅದರ ನಡುವಿನ ಕಪ್ಪು ಪಟ್ಟೆ ಕಾಣುತ್ತದೆ. ಒಂದು 7×50 ಬೈನಾಕ್ಯುಲರ್ (ಏಳು ಪಟ್ಟು ದೊಡ್ಡದು ಮಾಡುವ, 50 ಮಿಲಿಮೀಟರ್ ಮಸೂರದ್ದು) ಇದ್ದರೆ ಸಾಕು. ಟೆಲಿಸ್ಕೋಪ್ ಹೊತ್ತು ಹೋಗಬೇಡಿ, ಅದನ್ನು ಇಟ್ಟುಕೊಂಡು ತೋರಿಸುವ ಗೈಡ್‌ಗಳು ಅಲ್ಲೇ ಸಿಗುತ್ತಾರೆ.

ಮೋಡಕ್ಕೆ ಜಾಸ್ತಿ ಹೆದರಬೇಡಿ. ವಾಣಿಜ್ಯ ಮಾರುತ ತರುವ ಮೋಡ ಸಾಮಾನ್ಯವಾಗಿ ಕೆಳಗೇ ಹಾಸಿಕೊಂಡಿರುತ್ತದೆ, ಕಾರಿನಲ್ಲಿ ಸ್ವಲ್ಪ ಮೇಲೆ ಹತ್ತಿದರೆ ಅದನ್ನು ದಾಟಿಬಿಡುತ್ತೀರಿ. ಹೆದರಬೇಕಾದದ್ದು ಕಲಿಮಾಗೆ. ಅದು ಸಹಾರಾದಿಂದ ಬರುವ ಧೂಳು, ಎಷ್ಟು ಎತ್ತರಕ್ಕೆ ಹೋದರೂ ಬಿಡುವುದಿಲ್ಲ, ಕೆಲವೊಮ್ಮೆ ಎರಡು ಮೂರು ದಿನ ಅಲ್ಲೇ ಕೂತುಬಿಡುತ್ತದೆ. ಅದಕ್ಕೇ ಒಂದು ರಾತ್ರಿಗೆ ಅಂತ ಹೋಗಬೇಡಿ, ನಾಲ್ಕೈದು ರಾತ್ರಿಯಾದರೂ ಇಟ್ಟುಕೊಳ್ಳಿ, ಗೈಡ್ ಬುಕ್ ಮಾಡುವುದಾದರೆ ಮೊದಲ ರಾತ್ರಿಗೇ ಮಾಡಿ, ಧೂಳು ಬಂದರೆ ಮುಂದೂಡಲು ಜಾಗ ಇರುತ್ತದೆ.